ಫಿನಾಯಿಲ್ ವಾಸನೆ ಇಲ್ಲದ ಪಶುಚಿಕಿತ್ಸಾಲಯ

ದಕ್ಷಿಣ ಕೊಡಗಿನ ಸಣ್ಣ ಪೇಟೆಯೊಂದರ ಈ ಖಾಸಗಿ ಪಶುಚಿಕಿತ್ಸಾಲಯಕ್ಕೆ ನಮ್ಮ ತೋಟದ ನಾಯಿಗಳನ್ನೂ ಮನೆಯ ಬೆಕ್ಕನ್ನೂ ಕೆಲವು ವರ್ಷಗಳಿಂದ ಕರೆದೊಯ್ಯುತ್ತಿದ್ದೇನೆ. ವೈದ್ಯರ ಕೈಗುಣದ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯಹೊರಟಿರುವುದು ಅಲ್ಲಿನ ಸ್ವಚ್ಛತೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ತಮ್ಮ ಸ್ವಚ್ಛತೆಯನ್ನು ಅವರೇ ಪರೀಕ್ಷೆಗೆ ಒಡ್ಡಿಕೊಳ್ಳುವ ಕ್ರಮದ ಬಗ್ಗೆ.

ಒಳಗೆ ಹೋದವರಿಗೆ ಮೊದಲು ಅನಿಸುವುದು ಫಿನಾಯಿಲ್ ವಾಸನೆ ಇಲ್ಲವಲ್ಲ ಎಂದು. ಆ ವಾಸನೆ ಬಂದರೆ ಮಾತ್ರ ನೆಲ ಶುಚಿಯಾಗಿದೆ ಎಂದು ನಂಬುವ ನಮ್ಮ ಜನಕ್ಕೆ ಇದು ಕೊರತೆಯಾಗಿ ಕಾಣಬಹುದು. ಆದರೆ ಫಿನಾಲ್ ಇರುವ ದ್ರಾವಣಗಳು ಬೆಕ್ಕುಗಳಿಗೆ ವಿಷ. ಅವನ್ನು ಒಡೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ಮತ್ತು ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಳ್ಳುವುದು ಅದರ ಸ್ವಭಾವ. ಸಾಲದ್ದಕ್ಕೆ, ನಾಯಿಮರಿಗಳನ್ನು ಎರಡು ಮೂರು ದಿನಗಳಲ್ಲೇ ಬಲಿ ತೆಗೆದುಕೊಳ್ಳಬಲ್ಲ ಪಾರ್ವೊ ವೈರಸ್ಸನ್ನು ಫಿನಾಯಿಲ್ ಆಗಲಿ, ಪರಿಮಳದ ಮಾಮೂಲಿ ನೆಲ ಒರೆಸುವ ದ್ರಾವಣವಾಗಲಿ ಕೊಲ್ಲುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ತೋಟದ ಕಾರ್ಮಿಕರ ಲೈನ್ ಮನೆಗಳ ಸುತ್ತ ಲಸಿಕೆ ಕಾಣದೆ ಬೆಳೆಯುವ ಮರಿಗಳು ನಮ್ಮಲ್ಲಿ ಬಹಳ. ಕೊಬ್ಬಿನ ಹೊರಪೊರೆಯಿಲ್ಲದ ಪಾರ್ವೊ ವೈರಸ್ ಬಿಸಿಲು ತಾಗದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೂ ಉಳಿಯುತ್ತದೆ. ನೆರಳುಮರಗಳ ಕೆಳಗಿನ ಕಾಫಿ ತೋಟಕ್ಕಿಂತ ಅದಕ್ಕೆ ಅನುಕೂಲವಾದ ಜಾಗ ಸಿಗುವುದು ಕಷ್ಟ. ಗಮ್‌ಬೂಟಿಗೆ ಅಂಟಿದ ಕೆಸರಿನ ಜೊತೆಗೆ ಅದು ಚಿಕಿತ್ಸಾಲಯದ ಒಳಕ್ಕೂ ಬರುತ್ತದೆ, ಅಲ್ಲಿಂದ ಮತ್ತೊಬ್ಬರ ಮನೆಗೂ ಹೋಗುತ್ತದೆ. ಅದನ್ನು ಕೊಲ್ಲುವ ಅಗ್ಗದ ವಸ್ತು ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಕ್ಲೋರಿನ್ ಇರುವ ದ್ರವ ಬ್ಲೀಚ್: ಅಂಗಡಿಯಲ್ಲಿ ಸಿಗುವ ಸುಮಾರು 5 ಶೇಕಡಾ ಸಾಂದ್ರತೆಯ ದ್ರಾವಣದ 1 ಪಾಲಿಗೆ 30 ಪಾಲು ನೀರು ಬೆರೆಸಿ, ನೆಲವೋ ಮೇಜೋ 10 ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಡಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ರಕ್ತ, ಮಲ, ಮಣ್ಣು ಇದ್ದಲ್ಲಿ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿಬಿಡುವುದರಿಂದ ಮೊದಲು ಸೋಪಿನ ನೀರಿನಿಂದ ಉಜ್ಜಿ ತೊಳೆಯಬೇಕು. ಸಿಂಪಡಿಸಿದ ಮರುಕ್ಷಣವೇ ಬಟ್ಟೆಯಿಂದ ಒರೆಸಿದರೆ ಮಾಡಿದ ಕೆಲಸ ವ್ಯರ್ಥ. ಈ ಚಿಕಿತ್ಸಾಲಯದಲ್ಲಿ ಮೇಜಿನ ಪಕ್ಕದಲ್ಲಿ ಅಡುಗೆಮನೆಯ ಟೈಮರ್ ಒಂದನ್ನು ಇಟ್ಟಿದ್ದಾರೆ. ಅದು ಕೂಗುವವರೆಗೆ ಮುಂದಿನ ಪ್ರಾಣಿಯನ್ನು ಮೇಜಿಗೆ ಹತ್ತಿಸುವುದಿಲ್ಲ. ಹೊರಗೆ ಕಾಯುವವರು ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ದ್ರಾವಣವನ್ನು ಪ್ರತಿದಿನ ಹೊಸದಾಗಿ ಬೆರೆಸಿ ಬಾಟಲಿಯ ಮೇಲೆ ದಿನಾಂಕ ಬರೆಯುತ್ತಾರೆ. ಬ್ಲೀಚಿಂಗ್ ಪುಡಿಯನ್ನು ಅವರು ಬಳಸುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಅದು ಗಟ್ಟಿಯಾಗಿ ಕ್ಲೋರಿನ್ ಕಳೆದುಕೊಳ್ಳುವುದನ್ನು ಬಾವಿಗೆ ಹಾಕಲು ತಂದಿಟ್ಟವರೆಲ್ಲರೂ ಬಲ್ಲರು.

ಇಷ್ಟು ಮಾಡುವ ಚಿಕಿತ್ಸಾಲಯಗಳು ಬೇರೆಯೂ ಇರಬಹುದು. ನನ್ನ ಮೆಚ್ಚುಗೆ ಇರುವುದು ಮುಂದಿನ ಹೆಜ್ಜೆಗೆ. ಬಾಗಿಲಿನ ಹಿಂದೆ ತೂಗುಹಾಕಿದ ಹಾಳೆಯಲ್ಲಿ ಸಮಯ ಬರೆದು ಸಹಿ ಹಾಕುವ ಪದ್ಧತಿ ಇಲ್ಲಿಯೂ ಇದೆ, ಆದರೆ ಸಂಜೆ ಕುಳಿತು ಇಡೀ ದಿನದ ಸಹಿಯನ್ನು ಒಂದೇ ಪೆನ್ನಿನಲ್ಲಿ ಮುಗಿಸುವ ಕಲೆ ನಮಗೆಲ್ಲ ಗೊತ್ತಿರುವುದರಿಂದ ವೈದ್ಯೆ ಆ ಹಾಳೆಯೊಂದನ್ನೇ ನಂಬುವುದಿಲ್ಲ. ಬರಿಗಣ್ಣಿಗೆ ಕಾಣದ, ನೇರಳಾತೀತ ಟಾರ್ಚಿನ ಬೆಳಕಿಗೆ ಮಾತ್ರ ಹೊಳೆಯುವ ಜೆಲ್ಲಿನ ಚುಕ್ಕೆಗಳನ್ನು ಯಾರಿಗೂ ಹೇಳದೆ ಅಲ್ಲಲ್ಲಿ ಇಡುತ್ತಾರೆ. ಸ್ವಚ್ಛಗೊಳಿಸುವ ಕೆಲಸ ಮುಗಿದ ಮೇಲೆ ದೀಪ ಆರಿಸಿ ನೋಡುತ್ತಾರೆ. ನಾನಿದ್ದಾಗ ಒಮ್ಮೆ ನಡೆದ ತಪಾಸಣೆಯಲ್ಲಿ ಮೇಜಿನ ನಡುಭಾಗ ಚೊಕ್ಕಟವಾಗಿತ್ತು. ಹೊಳೆಯುತ್ತಿದ್ದದ್ದು ಮೇಜಿನ ಅಂಚಿನ ಕೆಳಭಾಗ, ನಲ್ಲಿಯ ಹಿಡಿ, ಪಂಜರದ ಚಿಲಕ ಮತ್ತು ದೀಪದ ಸ್ವಿಚ್ಚು, ಅಂದರೆ ಕೈ ಹೆಚ್ಚಾಗಿ ತಾಗುವ ಜಾಗಗಳೇ. ಸಹಾಯಕನನ್ನು ಗದರಿಸದೆ, "ನಾಳೆ ಇಲ್ಲಿಂದಲೇ ಶುರುಮಾಡಪ್ಪ" ಎಂದಷ್ಟೇ ಹೇಳಿ ಅವರು ಪುಸ್ತಕದಲ್ಲಿ ಗುರುತು ಮಾಡಿಕೊಂಡರು. ಚುಕ್ಕೆ ಅಳಿಸಿಹೋದರೆ ರೋಗಾಣು ಸತ್ತಿದೆ ಎಂದು ಅರ್ಥವಲ್ಲ, ಬಟ್ಟೆ ಅಲ್ಲಿಗೆ ತಲುಪಿದೆ ಎಂದು ಮಾತ್ರ ಅರ್ಥ ಎಂಬುದನ್ನೂ ಅವರೇ ವಿವರಿಸಿದರು.

ಶಸ್ತ್ರಚಿಕಿತ್ಸೆಯ ಉಪಕರಣಗಳ ವಿಷಯದಲ್ಲಿಯೂ ಇದೇ ಎಚ್ಚರವಿದೆ. ಹಬೆಯ ಒತ್ತಡದಲ್ಲಿ ಅವನ್ನು ರೋಗಾಣುಮುಕ್ತಗೊಳಿಸುವ ಆಟೋಕ್ಲೇವ್ ಯಂತ್ರ 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ತಲುಪಿ ನಿಗದಿತ ಹೊತ್ತು ಅಲ್ಲಿಯೇ ನಿಲ್ಲಬೇಕು, ಆದರೆ ನಡು ಮಳೆಗಾಲದ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಉಪಕರಣಗಳ ಪೊಟ್ಟಣದ ಹೊರಗಿನ ಸೂಚಕ ಪಟ್ಟಿ ಬಣ್ಣ ಬದಲಾಯಿಸಿದ್ದರೆ ಅದು ಶಾಖ ಕಂಡಿದೆ ಎಂದಷ್ಟೇ ತಿಳಿಯುತ್ತದೆ. ಆದ್ದರಿಂದ ಒಳಗೂ ಸೂಚಕ ಇಡುತ್ತಾರೆ, ಮಧ್ಯದಲ್ಲಿ ನಿಂತ ಸುತ್ತನ್ನು ಮೊದಲಿನಿಂದ ನಡೆಸುತ್ತಾರೆ, ಮತ್ತು ಆಗಾಗ ಶಾಖಕ್ಕೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾ ಬೀಜಕಣಗಳ ಸೀಸೆಯನ್ನಿಟ್ಟು ಅವು ಸತ್ತವೇ ಎಂದು ನೋಡುತ್ತಾರೆ. ತ್ಯಾಜ್ಯವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಬಣ್ಣಗಳ ಪ್ರಕಾರವೇ ಬೇರ್ಪಡಿಸುತ್ತಾರೆ. ಸೂಜಿಗಳು ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಗೆ ಹೋಗುತ್ತವೆ.

ಕೊರತೆಗಳೂ ಇವೆ. ನೆಲ ಒರೆಸುವ ಮಾಪುಗಳನ್ನು ಹಿಂದಿನ ವರಾಂಡದಲ್ಲಿ ನೇತುಹಾಕುತ್ತಾರೆ. ಜುಲೈಯಲ್ಲಿ ಅಲ್ಲಿ ಯಾವುದೂ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಇಷ್ಟೆಲ್ಲ ಲೆಕ್ಕ ಇಡುವವರು ಒಣಗದ ಮಾಪಿನಿಂದ ನೆಲ ಒರೆಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೂದಲು ಕತ್ತರಿಸುವ ಯಂತ್ರದ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೊಂದು ನಾಯಿಗೆ ಬಳಸುವುದನ್ನೂ ಕಂಡೆ. ಹುಳುಕಡ್ಡಿಯ ಶಿಲೀಂಧ್ರ ಹೀಗೆಯೇ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮನೆಯ ಮಕ್ಕಳಿಗೆ ಹರಡುತ್ತದೆ. ಈಗ ಬ್ಲೇಡುಗಳ ಎರಡನೆಯ ಜೊತೆ ತರಿಸಿದ್ದಾರೆ. ಮಾಪಿನ ವಿಷಯ ಇನ್ನೂ ಹಾಗೆಯೇ ಇದೆ. ಕಾಯುವ ಜಾಗ ಇಕ್ಕಟ್ಟಾಗಿದ್ದು, ಬೆಕ್ಕಿನ ಬುಟ್ಟಿಯನ್ನು ಬೇಟೆನಾಯಿಯ ಮೂಗಿನ ಎದುರಿಗೇ ಇಟ್ಟುಕೊಂಡು ಕೂರಬೇಕಾಗುತ್ತದೆ.

ಶುಲ್ಕ ಸುತ್ತಲಿನ ಇತರ ಕಡೆಗಳಿಗಿಂತ ತುಸು ಹೆಚ್ಚು. ನನ್ನ ಮಟ್ಟಿಗೆ ಆ ಹೆಚ್ಚಳ ಟೈಮರಿಗೂ ಟಾರ್ಚಿಗೂ ಸಂದಾಯವಾಗುತ್ತಿದೆ, ಕೊಡಲು ಬೇಸರವಿಲ್ಲ. ಹೋಗುವವರು ಕೈಯಲ್ಲಿ ಒಂದಿಷ್ಟು ಸಮಯ ಇಟ್ಟುಕೊಂಡು ಹೋಗಬೇಕು. ಮರಿಗೆ ವಾಂತಿ ಅಥವಾ ರಕ್ತಭೇದಿ ಇದ್ದರೆ ನೇರವಾಗಿ ಒಳಗೆ ಹೋಗದೆ ಮೊದಲು ಫೋನ್ ಮಾಡಿ. ಅಂಥ ಮರಿಗಳನ್ನು ಜೀಪಿನಲ್ಲಿಯೇ ಪರೀಕ್ಷಿಸಿ, ಪಕ್ಕದ ಬಾಗಿಲಿನಿಂದ ಪ್ರತ್ಯೇಕ ಕೋಣೆಗೆ ಕರೆದೊಯ್ಯುವ ವ್ಯವಸ್ಥೆ ಇದೆ.