ಮೆಟ್ಟಿಲಬಾವಿಗೆ ಮುಖ ಕೊಟ್ಟ ವಿದ್ಯಾನಗರದ ಸ್ಟುಡಿಯೋ

ಲಕ್ಕುಂಡಿಯ ಮಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯನ್ನು ನೋಡಿದವರಿಗೆ ನನ್ನ ಗೇಮ್ ಎಂಥದ್ದೆಂದು ಹೆಚ್ಚು ವಿವರಿಸಬೇಕಾಗಿಲ್ಲ. ಮೆಟ್ಟಿಲು ಇಳಿಯುತ್ತ, ಗೂಡುಗಳಲ್ಲಿ ದೀಪ ಹಚ್ಚುತ್ತ ನೀರಿನವರೆಗೆ ಹೋಗಬೇಕು. ಹೆಸರು ‘ಮೆಟ್ಟಿಲಬಾವಿ’. ಕೋಡ್ ಮತ್ತು ಪಿಕ್ಸೆಲ್ ಚಿತ್ರಗಳು ನನ್ನವೇ. ಲೋಗೊ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪುಟದ ಚಿತ್ರಗಳು ಹಾಗೂ ಮೆನುವಿನ ಅಂದವನ್ನು ಹುಬ್ಬಳ್ಳಿ ವಿದ್ಯಾನಗರದ ಒಂದು ಚಿಕ್ಕ ಡಿಸೈನ್ ಸ್ಟುಡಿಯೋಗೆ ವಹಿಸಿದ್ದೆ.

ಅದನ್ನು ನಡೆಸುವ ಮೇಡಂ ಬಣ್ಣದ ಮಾತೇ ಎತ್ತಲಿಲ್ಲ. “ಮೊದಲು ಆಡಲು ಕೊಡಿ, ಆಮೇಲೆ ನೋಡೋಣ” ಎಂದರು. ಆಡಿ ಮುಗಿಸಿದ ಮೇಲೆ ಕೆಲಸ ಶುರು ಮಾಡಿದ್ದು ಎಲ್ಲಕ್ಕಿಂತ ಸಣ್ಣ ಚಿತ್ರದಿಂದ. ಸ್ಟೀಮ್‌ಗೆ ಸಣ್ಣ ಕ್ಯಾಪ್ಸೂಲನ್ನು (ಗೇಮಿನ ಹೆಸರಿರುವ ಮುಖಚಿತ್ರ) 462 × 174 ಪಿಕ್ಸೆಲ್‌ನಲ್ಲಿ ಕೊಟ್ಟರೂ ಪಟ್ಟಿಗಳಲ್ಲಿ ಅದು 120 × 45ರವರೆಗೂ ಕುಗ್ಗುತ್ತದೆ. ಆ ಅಳತೆಯಲ್ಲಿ ‘ಟ್ಟಿ’ಯ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕಪ್ಪು ಚುಕ್ಕೆಯಾಗುತ್ತಿತ್ತು. ಅವರು ಒತ್ತನ್ನು ತುಸು ಕೆಳಗಿಳಿಸಿ, ಬಲಕ್ಕೆ ಸರಿಸಿ, ಅದರ ಬಾಲದಿಂದಲೇ ಮೆಟ್ಟಿಲ ಸಾಲು ಹೊರಡಿಸಿದರು. ಹೆಸರು ಓದಲು ಬಂತು, ಬಾವಿಯೂ ಕಂಡಿತು!

ಆ ಮೆಟ್ಟಿಲ ಸಾಲು ಧಾರವಾಡ ಕಸೂತಿಯಲ್ಲಿ ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆಯದು. ಕಸೂತಿ ಹಾಕುವವರು ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಾರೆ. ಹಾಗಾಗಿ ಅದರ ಗೆರೆಗಳು ಪಿಕ್ಸೆಲ್ ಚೌಕಗಳ ಮೇಲೆ ಒಂದಿಷ್ಟೂ ವಕ್ರವಾಗದೆ ಕುಳಿತವು. ಹಿನ್ನೆಲೆಗೆ ಚಂದ್ರಕಾಳಿ ಸೀರೆಯ ಕಪ್ಪು, ಗೆರೆಗೆ ದೀಪದ ಹಳದಿ. ಈ ಎರಡೇ ಬಣ್ಣ ಲೋಗೊದಿಂದ ಮೆನುವಿನವರೆಗೂ ಬಂದಿವೆ. ಗೇಮಿನ ಒಳಗಿನದೇ ಹೊರಗೂ ಕಾಣಬೇಕೆಂಬ ನನ್ನ ಆಸೆಯನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಬೇರೆ ಯಾರೂ ಸಿಕ್ಕಿರಲಿಲ್ಲ.

ಸ್ಟೀಮ್ ನಿಯಮಗಳೂ ಅವರಿಗೆ ಗೊತ್ತಿದ್ದವು. 2022ರ ಸೆಪ್ಟೆಂಬರ್‌ನಿಂದ ಕ್ಯಾಪ್ಸೂಲ್ ಮೇಲೆ ಪ್ರಶಸ್ತಿ, ವಿಮರ್ಶೆಯ ಅಂಕ ಯಾವುದನ್ನೂ ಹಾಕುವಂತಿಲ್ಲ. ಕೊಂಡ ಗೇಮ್‌ಗಳನ್ನು ತೋರಿಸುವ ಲೈಬ್ರರಿಯ 3840 × 1240ರ ಅಗಲ ಚಿತ್ರದಲ್ಲಿ ಅಕ್ಷರವೇ ಇರಬಾರದು, ಲೋಗೊವನ್ನು ಬೇರೆ ಪಾರದರ್ಶಕ ಕಡತವಾಗಿ ಕೊಡಬೇಕು. ಎಲ್ಲವೂ ಸರಿಯಾದ ಅಳತೆಯಲ್ಲೇ ಬಂದವು.

ಕೊರತೆ ಒಂದಿದೆ, ಸಣ್ಣದಲ್ಲ. ಮೆನುವಿನ ಪದಗಳನ್ನು ಫಾಂಟ್ ಆಗಿ ಕೊಡದೆ ಚಿತ್ರಗಳಾಗಿ ಕೊಟ್ಟರು. ‘ಮುಂದುವರಿಸಿ’ ಇದ್ದ ಕಡೆ ‘ಮತ್ತೆ ಇಳಿಯಿರಿ’ ಎಂದು ಬದಲಿಸಲು ಪುನಃ ಅವರನ್ನೇ ಕೇಳಬೇಕಾಯಿತು, ಅದಕ್ಕೆ ಬೇರೆ ಶುಲ್ಕವೂ ಬಿತ್ತು. ಅವರ ಬಳಿ ಹೋಗುವವರು ಖಂಡಿತ ಹೋಗಿ. ಆದರೆ ಫಾಂಟ್ ಮತ್ತು ಮೂಲ ಕಡತಗಳು ಸೇರಿವೆಯೇ ಎಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.