ಫೋಟೋದಿಂದ ಐಕಾನ್: ಗಿಂಪಾ, ಇಂಕ್‌ಸ್ಕೇಪಾ?

ಲಾಲ್‌ಬಾಗಿನ ಗಾಜಿನ ಮನೆಯ ಫೋಟೋದಿಂದ ಐಕಾನ್ ಮಾಡಬೇಕು ಅಂದುಕೊಳ್ಳಿ. ಅದು ಫೋಟೋ ಥರವೇ ಕಾಣಬೇಕಾ, ಚಿತ್ರ ಬಿಡಿಸಿದ ಹಾಗಾ? ಫೋಟೋ ಥರ ಅಂದರೆ ಫೋಟೋ ತಿದ್ದುವ ತಂತ್ರಾಂಶ ಗಿಂಪ್. ಚೌಕವಾಗಿ ಕ್ರಾಪ್ ಮಾಡಿ, ಆಲ್ಫಾ ಚಾನೆಲ್ (ಪಾರದರ್ಶಕತೆಯ ಮಾಹಿತಿ) ಸೇರಿಸಿ, ಹಿನ್ನೆಲೆ ಅಳಿಸಿ, 256 ಪಿಕ್ಸೆಲ್‌ಗೆ ಇಳಿಸಿ. ಪಿಎನ್‌ಜಿಯಲ್ಲೇ ಉಳಿಸಿ. ಜೆಪೆಗ್ ಆದರೆ ಹಿನ್ನೆಲೆ ಪಾರದರ್ಶಕವಾಗಿ ಉಳಿಯುವುದಿಲ್ಲ. ವಿಂಡೋಸ್‌ನ ಐಕಾನ್ ಫೈಲ್ ಆದ ಐಸಿಒ ಕೂಡ ಇಲ್ಲೇ ಮಾಡಬಹುದು. ಆದರೆ 16 ಪಿಕ್ಸೆಲ್‌ಗೆ ಇಳಿಸಿದಾಗ ನನ್ನ ಕಮಾನುಗಳೆಲ್ಲ ಚಿತ್ರಾನ್ನ!

ಚಿತ್ರ ಬಿಡಿಸಿದ ಹಾಗೆ ಬೇಕಾದರೆ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್. ಅದರ ಟ್ರೇಸ್ ಬಿಟ್‌ಮ್ಯಾಪ್ ಎಂಬ ಸೌಲಭ್ಯ ಫೋಟೋವನ್ನು ಆಕಾರಗಳಾಗಿ ಬದಲಿಸುತ್ತದೆ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಬಣ್ಣ ಮೂರ್ನಾಲ್ಕು ಸಾಕು, ಜಾಸ್ತಿಯಾದರೆ ತಿದ್ದುವುದೇ ತಲೆನೋವು. ಚಿಕ್ಕ ಐಕಾನ್‌ಗೆ ನನ್ನ ಓಟು ಇದಕ್ಕೇ.

ಎರಡೂ ಉಚಿತ. ಇಷ್ಟಕ್ಕೆ ಫೋಟೋಶಾಪ್‌ಗೆ ತಿಂಗಳ ಬಾಡಿಗೆ ಕಟ್ಟುವುದು ಸುಮ್ನೆ ದಂಡ, ಅಲ್ವಾ?