ಬ್ಲಾಬ್ ಉಳಿಸಿಟ್ಟಿದ್ದೀನಿ ಅಂತ ಫೋನನ್ನು ಅಂಗಡಿಗೆ ಕೊಡಬೇಡಿ

ತುಮಕೂರಿನಲ್ಲಿ ಯಾರಾದರೂ ಐಫೋನನ್ನು ಹಳೇ ಐಓಎಸ್‌ಗೆ ಇಳಿಸೋ ಯೋಚನೆಯಲ್ಲಿದ್ದರೆ ದಯವಿಟ್ಟು ಓದಿ.

ನನ್ನದು ಎಕ್ಸ್‌ಆರ್. ಐಓಎಸ್ 18 ಹಾಕಿದ ಮೇಲೆ ಚಾರ್ಜು ಮಧ್ಯಾಹ್ನಕ್ಕೇ ಮುಗಿಯೋದು. 17ರಲ್ಲಿದ್ದಾಗಲೇ ಅದರ ಎಸ್‌ಎಚ್‌ಎಸ್‌ಎಚ್ ಬ್ಲಾಬ್ ಉಳಿಸಿಟ್ಟಿದ್ದೆ. ಈ ಆವೃತ್ತಿಯನ್ನು ಈ ಒಂದು ಫೋನಿಗೆ ಹಾಕಬಹುದು ಅಂತ ಆಪಲ್ ಸರ್ವರ್ ಕೊಡೋ ಸಹಿ ಅದು. ಹಳೇ ಆವೃತ್ತಿಗೆ ಅವರು ಸಹಿ ನಿಲ್ಲಿಸಿದ ಮೇಲೂ ಫೈಲ್ ಕೈಯಲ್ಲಿದೆಯಲ್ಲ ಅಂತ ಧೈರ್ಯವಾಗಿದ್ದೆ.

ಬಿ.ಎಚ್. ರಸ್ತೆಯ ಒಂದು ರಿಪೇರಿ ಅಂಗಡಿಗೆ ಹೋದೆ. “ಫೈಲ್ ಇದೆಯಲ್ವಾ ಸಾರ್, ಅರ್ಧ ಗಂಟೆ ಕೆಲಸ” ಅಂತ ಹುಡುಗ 1,500 ರೂಪಾಯಿ ಕೇಳಿದ. ಬ್ಯಾಕಪ್ ಇದೆಯಾ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫೋನನ್ನು ರಿಕವರಿಗೆ (ಕಂಪ್ಯೂಟರಿನಿಂದ ಐಓಎಸ್ ಹಾಕೋ ಸ್ಥಿತಿಗೆ) ಹಾಕಿ, ಬ್ಲಾಬ್ ಬಳಸಿ ಹಳೇ ಐಓಎಸ್ ಹಾಕೋ ಫ್ಯೂಚರ್‌ರಿಸ್ಟೋರ್ ಅನ್ನೋ ಪ್ರೋಗ್ರಾಂ ಓಡಿಸಿದ. ನಾನ್ಸ್ (ಫೋನು ತಾನೇ ಹುಟ್ಟಿಸೋ ಒಂದು ಸಂಖ್ಯೆ) ತಾಳೆಯಾಗ್ತಿಲ್ಲ ಅಂತ ಬಂದು ಅದು ನಿಂತಿತು. ಆ ಗಳಿಗೆವರೆಗೂ ಫೋನಿನಲ್ಲಿದ್ದ ಒಂದು ಫೋಟೋ ಕೂಡ ಅಳಿಸಿರಲಿಲ್ಲ. ಪರದೆ ಮೇಲೆ ಕೇಬಲ್ ಚಿತ್ರ ಹಾಗೇ ಇತ್ತು. ಅವನು ಗಾಬರಿಯಾಗಿ ಐಟ್ಯೂನ್ಸ್ ತೆಗೆದು ‘ರಿಸ್ಟೋರ್’ ಒತ್ತಿಬಿಟ್ಟ. ಸೇಬಿನ ಕೆಳಗೆ ಬಿಳಿ ಗೆರೆ ನಿಧಾನವಾಗಿ ತುಂಬಿತು, ಆಮೇಲೆ ‘ಹಲೋ’ ಬಂತು. ಮತ್ತದೇ 18. ತೀರಿಕೊಂಡ ನಮ್ಮಜ್ಜಿ ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜುಗಳು ಅದರಲ್ಲೇ ಇದ್ದವು. ಒಂದೂ ಉಳಿಯಲಿಲ್ಲ.

ಆಮೇಲೆ ಕೂತು ತಿಳಿದುಕೊಂಡೆ. ಪ್ರತಿ ರಿಸ್ಟೋರ್‌ಗೂ ಫೋನು ಹೊಸದೊಂದು ನಾನ್ಸ್ ಸಂಖ್ಯೆ ಹುಟ್ಟಿಸುತ್ತೆ, ಬ್ಲಾಬಿನೊಳಗಿನ ಸಂಖ್ಯೆ ಅದಕ್ಕೆ ಸರಿಹೊಂದಬೇಕು. ಬೇಕಾದ ಸಂಖ್ಯೆಯನ್ನೇ ಬರಿಸಬೇಕಾದರೆ ಫೋನು ಜೈಲ್‌ಬ್ರೇಕ್ ಆಗಿರಬೇಕು (ಅಂದ್ರೆ ಆಪಲ್ ಹಾಕಿದ ಬೀಗ ಮುರಿದಿರಬೇಕು), ನನ್ನದು ಆಗಿರಲಿಲ್ಲ. ಐಫೋನ್ ಎಕ್ಸ್‌ವರೆಗಿನ ಹಳೇ ಫೋನುಗಳಿಗೆ ಚಿಪ್ಪಿನಲ್ಲೇ ಇರೋ ಲೋಪವನ್ನು ಬಳಸೋ, 2019ರಲ್ಲಿ ಹೊರಬಂದ ಚೆಕ್‌ಎಮ್8 ಅನ್ನೋ ದಾರಿಯಿದೆ. ಎಕ್ಸ್‌ಆರ್‌ನ ಎ12 ಚಿಪ್‌ಗೆ ಅದು ನಡೆಯಲ್ಲ. ಮೇಲಾಗಿ ಎ12ರಿಂದಾಚೆಗೆ ನಾನ್ಸ್ ಆಯಾ ಫೋನಿನೊಳಗಿನ ಗುಪ್ತ ಕೀಗೆ ಹೆಣೆದುಕೊಂಡಿರುತ್ತೆ, ಬ್ಲಾಬ್ ಉಳಿಸುವಾಗಲೇ ಫೋನಿನಿಂದ ಅದನ್ನು ಓದಿಕೊಳ್ಳದಿದ್ದರೆ ಫೈಲ್ ದಂಡ. ಇಷ್ಟೆಲ್ಲ ಸರಿಯಿದ್ದರೂ ಇವತ್ತು ಸಹಿ ಸಿಗುತ್ತಿರುವ ಸೆಪ್ (ಪಾಸ್‌ಕೋಡ್, ಫೇಸ್ ಐಡಿ ಕಾಯೋ ಚಿಪ್ ಭಾಗ) ಫರ್ಮ್‌ವೇರ್ ಹಳೇ ಐಓಎಸ್‌ಗೆ ಒಗ್ಗಬೇಕು. ಬೇರೆಯವರ ಬ್ಲಾಬಂತೂ ನಿಮಗೆ ಬರಲ್ಲ, ಅದರಲ್ಲಿ ಅವರ ಫೋನಿನ ಇಸಿಐಡಿ (ಚಿಪ್ಪಿನ ಗುರುತಿನ ಸಂಖ್ಯೆ) ಇರುತ್ತೆ.

ಅಂಗಡಿಯವರು ‘ಆಗುತ್ತೆ’ ಅಂದರೆ ನಾನ್ಸ್ ಹೇಗೆ ಹೊಂದಿಸ್ತೀರಿ ಅಂತ ಕೇಳಿ. ಉತ್ತರ ಬರದಿದ್ದರೆ ಫೋನ್ ಜೇಬಿಗಿಟ್ಟು ಬನ್ನಿ. 18ರಲ್ಲಿ ತೆಗೆದ ಬ್ಯಾಕಪ್ 17ಕ್ಕೆ ಕೂರಲ್ಲ, ಹಾಗಾಗಿ ಫೋಟೋ, ಚಾಟ್‌ಗಳನ್ನು ಬೇರೆಯಾಗಿಯೂ ತೆಗೆದಿಟ್ಟುಕೊಳ್ಳಿ.

ಕೇಬಲ್ ಚಿತ್ರದಲ್ಲಿ ಫೋನ್ ನಿಂತರೆ ರಿಸ್ಟೋರ್ ಒತ್ತೋಕೆ ಬಿಡಬೇಡಿ. ವೈರ್ ಕಿತ್ತು, ವಾಲ್ಯೂಮ್ ಅಪ್ ಒಮ್ಮೆ, ಡೌನ್ ಒಮ್ಮೆ ಒತ್ತಿ, ಆಮೇಲೆ ಸೇಬು ಕಾಣೋವರೆಗೆ ಸೈಡ್ ಬಟನ್ ಹಿಡಿದುಕೊಳ್ಳಿ. ಆಗಲೂ ಅಲ್ಲೇ ನಿಂತರೆ ಫ್ಯೂಚರ್‌ರಿಸ್ಟೋರ್‌ನಲ್ಲೇ ರಿಕವರಿಯಿಂದ ಹೊರಬರೋ ಆಯ್ಕೆಯಿದೆ. ಆ ಹುಡುಗ ಅದನ್ನೊಂದು ಒತ್ತಿದ್ದರೆ ಸಾಕಿತ್ತು.